ಮುಳ್ಳುದಂಟು ಹೂಬಿಟ್ಟ ಕಾಲ

೧೯೬೪ನೇ ಇಸವಿ, ನವೆಂಬರ್ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಬಂಗಾರಪೇಟೆಯ ರೈಲ್ವೆ ಸ್ಟೇಷನ್ನಿನ ಹಿಂಭಾಗದಲ್ಲಿದ್ದ ಒಂದು ಧರ್ಮಾಸ್ಪತ್ರೆಯ ಪ್ರಯೋಗಶಾಲೆ. ಹಾಜರಿದ್ದವರು: ಡಾಕ್ಟರ್ ಶ್ರೀಪತಿ, ಬೂದಿಕೋಟೆಯ ಸೊಪ್ಪಿನ ಮುನಿಯಮ್ಮ, ನನ್ನ ಯಜಮಾನರು ವೆಂಕಟೇಶಪ್ಪ, ಮತ್ತು ಅಲ್ಲಿ ಲ್ಯಾಬ್ ಸಹಾಯಕಿಯಾಗಿದ್ದ ನಾನು, ಯಶೋದಮ್ಮ.

ಯಾವ ಕೆಲಸವನ್ನು ಬರೆಯುವುದಿದ್ದರೂ ಮೊದಲು ತಾರೀಖು, ಆಮೇಲೆ ಗಂಟೆ, ಆಮೇಲೆ ಎದುರಿಗಿದ್ದವರ ಹೆಸರು. ನನಗೆ ಕೆಲಸ ಕಲಿಸಿದ ಮೇಟ್ರನ್ ಹಾಕಿಕೊಟ್ಟ ಕ್ರಮ ಇದು. ಆಕೆ ನಗುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ತೊಳೆದ ಗಾಜನ್ನು ಬೆಳಕಿಗೆ ಹಿಡಿದು, ಕಲೆ ಕಂಡರೆ ಮಾತಿಲ್ಲದೆ ನನ್ನ ಕೈಗೆ ವಾಪಸು ಕೊಡುತ್ತಿದ್ದರು. ಈಗಲೂ ನನ್ನ ಅಡುಗೆಮನೆಯ ಲೋಟಗಳನ್ನು ನಾನು ಹಾಗೆಯೇ ಕಿಟಕಿಗೆ ಹಿಡಿದು ನೋಡುತ್ತೇನೆ.

ಆ ಶನಿವಾರದ ಬಗ್ಗೆ ಇಷ್ಟು ವರ್ಷ ಬರೆಯದವಳು ಈಗ ಬರೆಯುತ್ತಿರುವುದಕ್ಕೆ ಕಾರಣ ಒಂದು ವಾಸನೆ. ಹೋದ ತಿಂಗಳು ಪರಿಚಿತರ ಮಗಳ ಮದುವೆಗೆಂದು ಕೆ.ಜಿ.ಎಫ್‌ಗೆ ಹೋಗಿದ್ದೆ. ಊಟ ಮುಗಿದ ಮೇಲೆ ಛತ್ರದಲ್ಲಿ ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸ. ಒಂದು ಆಟೋ ಹಿಡಿದು ನಂದಿದುರ್ಗ ಚಿನ್ನದ ಗಣಿಯ ಕಡೆ ಹೋದೆ. ನಾವಿದ್ದ, ಗಣಿ ಕೆಲಸಗಾರರ ಸಾಲು ಸಾಲು ಲೈನ್ ಮನೆಗಳಲ್ಲಿ ಕೆಲವಕ್ಕೆ ಮಾತ್ರ ಸೂರಿತ್ತು. ನಮ್ಮ ಮನೆ ಇದ್ದ ಕಡೆ ಗೋಡೆ ಮೊಣಕಾಲೆತ್ತರ ಉಳಿದಿತ್ತು, ಅದರೊಳಗೆ ನನ್ನ ಎದೆಯವರೆಗೆ ಮುಳ್ಳುದಂಟು ಬೆಳೆದು ನಿಂತಿತ್ತು. ಗಿಡದ ತುಂಬ ಹಸಿರು ತೆನೆ. ಒಂದನ್ನು ಮುರಿದು ಅಂಗೈಯಲ್ಲಿ ತಿಕ್ಕಿದೆ. ಹಸಿ ಸೊಪ್ಪಿನ ವಾಸನೆ ಬಂತು, ಹಿಂದೆಯೇ ಮೂಗಿನೊಳಗೆ ಒಂದು ಒಣ ಕೆರೆತ. ಅಂಗೈ ಗೆರೆಗಳಲ್ಲಿ ತೆಳ್ಳನೆಯ ಹಳದಿ ಪುಡಿ ನಿಂತಿತ್ತು. ಮನೆಗೆ ಬಂದು ಸೋಪು ಹಾಕಿ ತೊಳೆದರೂ ಆ ವಾಸನೆ ಕೈಬಿಡಲಿಲ್ಲ.

ಆ ವರ್ಷ ಮುಂಗಾರು ತಡವಾಗಿ ಬಂದು, ಬಂದ ಮೇಲೆ ಬಿಡುವು ಕೊಡದೆ ಸುರಿಯಿತು. ಬೇತಮಂಗಲದ ಕೆರೆಯಿಂದ ಬರುವ ನಲ್ಲಿ ನೀರು ಕೆಂಪಗೆ ಬರುತ್ತಿತ್ತು. ಲೈನ್ ಮನೆಗಳ ಹಿಂದೆ ಬಚ್ಚಲ ನೀರು ಹರಿಯುವ ಕಡೆಯೆಲ್ಲ ಮುಳ್ಳುದಂಟು ಎದ್ದಿತು. ಚಿನ್ನ ತೆಗೆದುಕೊಂಡು ಗಣಿಯವರು ಸುರಿದ ಸಯನೈಡ್ ದಿಬ್ಬದ ಬಿಳಿ ಮಣ್ಣಿನ ಮೇಲೆ ಏನೂ ಬೆಳೆಯುತ್ತಿರಲಿಲ್ಲ. ಆ ದಿಬ್ಬದ ಕೆಳಗಿದ್ದ ನಮ್ಮ ಅಂಗಳಗಳಲ್ಲಿ ಗಿಡಕ್ಕೆ ತಡೆ ಇರಲಿಲ್ಲ.

ನನ್ನ ಯಜಮಾನರು ಗಣಿಯ ತಳದಲ್ಲಿ ಬಂಡೆಗೆ ತೂತು ಕೊರೆಯುವ ಡ್ರಿಲ್ಲಿಂಗ್ ಕೆಲಸದವರು. ಹಿಂದಿನ ಎರಡು ವರ್ಷವೂ ಮಳೆ ನಿಂತು ಗಿಡ ಹೂಬಿಡುವ ಹೊತ್ತಿಗೆ ಅವರಿಗೆ ದಮ್ಮು ಹತ್ತಿ, ಸಂಕ್ರಾಂತಿಗೆ ಇಳಿಯುತ್ತಿತ್ತು. ಆ ವರ್ಷ ಶ್ರಾವಣದಲ್ಲಿಯೇ ಹತ್ತಿತು. ಪಾಳಿ ಮುಗಿಸಿ ಬಂದವರು ನಮ್ಮ ಮನೆಯ ಮೆಟ್ಟಿಲ ಬಳಿ ನಿಂತುಬಿಡುತ್ತಿದ್ದರು. ಇದ್ದದ್ದು ಎರಡೇ ಮೆಟ್ಟಿಲು. ಬೂಟಿನ ದಾರ ಬಿಚ್ಚುವವರಂತೆ ಬಗ್ಗಿ, ದಾರ ಬಿಚ್ಚದೆ, ಉಸಿರು ಎಳೆದುಕೊಳ್ಳುತ್ತಿದ್ದರು. ಒಳಗಿನಿಂದ ಆ ಸದ್ದು ಕೇಳಿ ನಾನು ಒಲೆಯ ಮುಂದೆಯೇ ಕೂತಿರುತ್ತಿದ್ದೆ. ಎದ್ದು ಹೋಗಿ ಕೈಹಿಡಿದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಎಕ್ಸ್-ರೇ ತೆಗೆಸಿದೆವು. ಅದರಲ್ಲಿ ಎರಡೂ ಕಡೆ ಮಂಜು ಮುಸುಕಿದಂತೆ ಕಾಣುತ್ತಿತ್ತು. ಒಬ್ಬ ಡಾಕ್ಟರು ಹಳೆಯ ಕಫದ ಗುರುತು ಎಂದರು, ಇನ್ನೊಬ್ಬರು ಪಟ ಸರಿಯಾಗಿ ಬಂದಿಲ್ಲ ಎಂದರು. ಕೊನೆಗೆ ನಾನು ದಿನಾ ರೈಲಿನಲ್ಲಿ ಹೋಗಿ ಕೆಲಸ ಮಾಡುತ್ತಿದ್ದ ಬಂಗಾರಪೇಟೆ ಆಸ್ಪತ್ರೆಯ ಡಾಕ್ಟರ್ ಶ್ರೀಪತಿಯವರಿಗೆ ತೋರಿಸಿದೆ. ಅವರು ಪಟವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನಿಂತರು.

"ಎರಡು ದಾರಿ ಇದೆ ಯಶೋದಮ್ಮ. ಕಲ್ಲಿನ ಪುಡಿ ಎದೆಯಲ್ಲಿ ಕೂತಿದ್ದರೆ ಅದನ್ನ ತೆಗೆಯೋ ಔಷಧಿ ನನ್ನ ಹತ್ತಿರ ಇಲ್ಲ, ಯಾರ ಹತ್ತಿರಾನೂ ಇಲ್ಲ. ಗಿಡದ ಪುಡಿಯಾಗಿದ್ದರೆ ಬೇರೆ ಮಾತು. ಅದೇ ಪುಡಿಯ ಸಾರವನ್ನ ಸಾಸಿವೆಯಷ್ಟರಿಂದ ಶುರುಮಾಡಿ ಚುಚ್ಚುತ್ತಾ ಹೋದರೆ ಮೈ ಒಗ್ಗಿಕೊಳ್ಳುತ್ತೆ. ವರ್ಷಗಳು ಹಿಡಿಯುತ್ತೆ, ಆದರೆ ಮನುಷ್ಯ ಉಳಿಯುತ್ತಾನೆ."

"ಯಾವುದು ಅಂತ ಹೇಗೆ ಗೊತ್ತಾಗೋದು ಸಾರ್?"

"ಅದನ್ನೇ ಹುಡುಕಬೇಕು."

ಅವರು ಆ ಹುಡುಕಾಟವನ್ನು ಆಗಲೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಮಳೆಗಾಲ ಹಿಂದೆಗೆದೊಡನೆ ಬಂಗಾರಪೇಟೆ ಸುತ್ತಿನ ಹಳ್ಳಿಗಳಿಂದ ಉಬ್ಬಸದವರು ಬಂದು ನಮ್ಮ ಆಸ್ಪತ್ರೆಯ ಜಗಲಿಯ ತುಂಬ ಕೂರುತ್ತಿದ್ದರು. ಗಣಿಯ ಮುಖವನ್ನೇ ಕಾಣದ ಹೆಂಗಸರು, ಮುದುಕರು. ಅವರ ಎದೆಗೆ ಕಲ್ಲಿನ ಪುಡಿ ಹೋಗಿರಲು ಸಾಧ್ಯವಿರಲಿಲ್ಲ. ಗಾಳಿಯಲ್ಲಿ ಬೇರೇನೋ ಇತ್ತು. ನಾನು ಆ ಎರಡನೆಯ ದಾರಿಗೆ ಜೋತುಬಿದ್ದೆ. ಹಳ್ಳಿಯವರ ಉಬ್ಬಸ ಗಿಡದಿಂದ ಬಂದಿದ್ದರೆ ನನ್ನ ಗಂಡನದೂ ಯಾಕಾಗಬಾರದು?

ಗಾಜಿನ ಸ್ಲೈಡುಗಳಿಗೆ ವ್ಯಾಸಲೀನ್ ಸವರಿ, ಆಸ್ಪತ್ರೆಯ ಮಹಡಿಯ ಮೇಲೊಂದು, ನಮ್ಮ ಲೈನ್ ಮನೆಯ ಸೂರಿನ ಮೇಲೊಂದು ಇಡುವುದು ನನ್ನ ಮೊದಲ ಕೆಲಸವಾಯಿತು. ಮರುದಿನ ಬೆಳಗಿನ ರೈಲಿನಲ್ಲಿ ಅದನ್ನು ಕರವಸ್ತ್ರದಲ್ಲಿ ಸುತ್ತಿ ತರುತ್ತಿದ್ದೆ. ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು, ನನಗೂ ತೋರಿಸುತ್ತಿದ್ದರು. ಸೆಪ್ಟೆಂಬರ್ ಬಂದಂತೆ ಗಾಜಿನ ತುಂಬ ಒಂದೇ ಬಗೆಯ ಕಾಳು. ದುಂಡಗೆ, ಮೈತುಂಬ ಗುಳಿ, ದರ್ಜಿ ಬೆರಳಿಗೆ ಹಾಕಿಕೊಳ್ಳುವ ಟೋಪಿಯ ಹಾಗೆ. ಮುಳ್ಳುದಂಟಿನ ಪರಾಗ.

ಅದನ್ನು ಕೇಳಿದ ದಿನದಿಂದ ನನ್ನ ಯಜಮಾನರು ಪಾಳಿ ಮುಗಿಸಿ ಬಂದು, ಮೂಗಿಗೆ ಟವೆಲು ಕಟ್ಟಿಕೊಂಡು ಲೈನಿನ ಹಿಂದಿನ ಗಿಡ ಕೀಳಲು ಶುರುಮಾಡಿದರು. ಮೂರು ಗಿಡ ಕಿತ್ತರೆ ಗೋಡೆಗೆ ಒರಗಿ ನಿಲ್ಲಬೇಕು. ಪಕ್ಕದ ಮನೆಯ ಅಂತೋಣಿಯಮ್ಮ ಬಾಗಿಲಲ್ಲಿ ನಿಂತು ತಮಾಷೆ ಮಾಡಿದಳು.

"ಎನ್ನ ಯಶೋದಾ, ಅಣ್ಣ ಗಣಿ ಕೆಲ್ಸ ಬಿಟ್ಟು ಪುಲ್ಲು ಕೀಳೋಕೆ ಸೇರ್ಕೊಂಡ್ರಾ?"

"ಚಿನ್ನ ತೆಗ್ದೂ ತೆಗ್ದೂ ಸಾಕಾಯ್ತಕ್ಕ," ಎಂದರು ಅವರು ಟವೆಲಿನೊಳಗಿಂದ. "ಈಗ ಉಲ್ಲು ತೆಗೀತೀನಿ. ಇದಾದ್ರೂ ನಮಗೇ ಉಳೀತೈತೆ."

ಮರುದಿನ ಅಂತೋಣಿಯಮ್ಮನ ಮನೆಯವರೂ ಕೀಳಲು ಬಂದರು. ಆಮೇಲೆ ಆ ಸಾಲಿನವರೆಲ್ಲ ಬಂದರು. ನಮ್ಮ ಲೈನಿನ ಹಿಂದೆ ಅಂಗಳ ಬೋಳಾಯಿತು. ನನ್ನ ಯಜಮಾನರ ದಮ್ಮು ಮಾತ್ರ ಇಳಿಯಲಿಲ್ಲ. "ಗಾಳಿಗೆ ಬೇಲಿ ಆಕೋಕಾಯ್ತದಾ, ಪಕ್ಕದ ಲೈನಿಂದು ಬತ್ತಾ ಐತೆ," ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಪರೀಕ್ಷೆಗೆ ಪರಾಗ ಬಹಳ ಬೇಕಿತ್ತು. ಅದನ್ನು ಒದಗಿಸಲು ಡಾಕ್ಟರು ಒಪ್ಪಿಸಿದ್ದು ಮುನಿಯಮ್ಮನನ್ನು. ಬೂದಿಕೋಟೆಯ ಬೇಸಾಯದ ಮನೆಯವಳು, ಬೆಳಗಿನ ಬಸ್ಸಿಗೆ ಸೊಪ್ಪಿನ ಬುಟ್ಟಿ ಹೊತ್ತು ಬಂಗಾರಪೇಟೆ ಸಂತೆಗೆ ಬರುತ್ತಿದ್ದಳು. ಅವಳಿಗೂ ಉಬ್ಬಸವಿತ್ತು. ಸೊಪ್ಪು ಕೂಗಿ ಮಾರಲಾರದೆ, ಬುಟ್ಟಿಯ ಮುಂದೆ ಕೂತು ಕೈಸನ್ನೆಯಲ್ಲಿಯೇ ಚೌಕಾಸಿ ಮಾಡುತ್ತಿದ್ದಳು.

"ತಿನ್ನೋ ದಂಟು ಬಿಟ್ಟು ಮುಳ್ಳುದಂಟು ತತ್ತಾ ಅಂತೀರಲ್ಲ ಸ್ವಾಮಿ. ನಿಮ್ಮ ಮನೇವ್ರು ಏನ್ ಸಾರು ಮಾಡ್ತಾರೆ ಇದ್ರಾಗೆ?"

"ನಿನ್ನ ಉಬ್ಬಸಕ್ಕೆ ಸಾರು ಮಾಡ್ತೀನಿ ಮುನಿಯಮ್ಮ. ತೆನೆ ಮಾತ್ರ ಕೊಯ್ದು ತಾ."

ತೆನೆಗಳನ್ನು ಗಾಳಿಯಾಡದ ಕೋಣೆಯಲ್ಲಿ ಕಾಗದದ ಮೇಲೆ ಹರವಿ ಒಣಗಿಸುವುದು, ಒದರುವುದು, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುವುದು ನನ್ನ ಪಾಲಿಗೆ. ಬುಟ್ಟಿ ತುಂಬ ತೆನೆಗೆ ಒಂದು ಚಮಚ ಪುಡಿ ಸಿಗುತ್ತಿತ್ತು. ಅದನ್ನು ಈಥರಿನಲ್ಲಿ ತೊಳೆದು ಜಿಡ್ಡು ತೆಗೆದು, ಉಪ್ಪುನೀರಿನಲ್ಲಿ ಒಂದು ಇಡೀ ದಿನ ಐಸಿನ ಮೇಲೆ ನೆನೆಹಾಕಿ ಸೋಸುತ್ತಿದ್ದೆವು. ಐಸು ಸ್ಟೇಷನ್ ಎದುರಿನ ಸೋಡಾ ಅಂಗಡಿಯಿಂದ, ಹೊಟ್ಟಿನಲ್ಲಿ ಮುಚ್ಚಿ. ಕೊನೆಗೆ ಚಹಾದ ಬಣ್ಣದ ನೀರು ಉಳಿಯುತ್ತಿತ್ತು. ಗಿಡದ ಪುಡಿಯೊಳಗಿನ ಪ್ರೋಟೀನುಗಳೆಲ್ಲ ಅದರಲ್ಲಿದ್ದವು.

ಅಕ್ಟೋಬರಿನಲ್ಲಿ ಮೊದಲ ಪರೀಕ್ಷೆ. ಮುಂಗೈ ಮೇಲೆ ಆ ನೀರಿನ ಒಂದು ಹನಿ ಇಟ್ಟು, ಹನಿಯ ಮೂಲಕ ಸೂಜಿಯಿಂದ ಮೆಲ್ಲಗೆ ಗೀರುವುದು. ಆ ಗಿಡ ಮೈಗೆ ಆಗದವರಿಗೆ ಕಾಲು ಗಂಟೆಯಲ್ಲಿ ಅಲ್ಲಿ ಸೊಳ್ಳೆ ಕಚ್ಚಿದಂತೆ ದದ್ದು ಏಳುತ್ತದೆ. ನನ್ನ ಯಜಮಾನರನ್ನು ಕರೆಸಿದೆವು. ಅವರ ಮುಂಗೈ ಮೇಲೆ ದದ್ದು ಎದ್ದಿತು. ಕೆಂಪಗೆ, ಹುಣಸೆ ಬೀಜದಷ್ಟು.

"ನೋಡೇ, ಎದ್ದೈತೆ," ಎಂದು ಅವರು ಕೈಯನ್ನು ನನ್ನ ಮುಖದ ಮುಂದೆ ಹಿಡಿದರು. ಮದುವೆಯಾದ ಹೊಸತರಲ್ಲಿ ಹಾಗೆ ನಗುತ್ತಿದ್ದರು.

ನಾನೂ ನಕ್ಕೆ. ಡಾಕ್ಟರು ಮಾತ್ರ ನಗಲಿಲ್ಲ. ಮುನಿಯಮ್ಮನ ಕೈ ನೋಡಿದರು, ಎದ್ದಿತ್ತು. ತಮ್ಮ ಕೈಗೆ ತಾವೇ ಹಾಕಿಕೊಂಡು ನೋಡಿದರು, ಎದ್ದಿತು. ನನ್ನ ಕೈಗೆ ಹಾಕಿದರು. ಒಂದು ದಿನವೂ ದಮ್ಮು ಕಾಣದ ನನ್ನ ಕೈಯೂ ಎದ್ದಿತು.

"ಇದರಿಂದ ಏನೂ ಗೊತ್ತಾಗೋದಿಲ್ಲ ಯಶೋದಮ್ಮ," ಎಂದರು. "ಇದರಲ್ಲಿ ಎಷ್ಟೋ ಪ್ರೋಟೀನುಗಳಿವೆ, ಅದರ ಜೊತೆ ಚರ್ಮ ಉರಿಸೋ ಕಸವೂ ಇದೆ. ಯಾರ ಕೈಗೆ ಹಾಕಿದರೂ ಏಳುತ್ತೆ. ಉಬ್ಬಸ ತರಿಸೋದು ಈ ಗುಂಪಿನಲ್ಲಿ ಯಾವುದೋ ಒಂದು. ಅದೊಂದನ್ನೇ ಬೇರೆ ಮಾಡಿ ಹಾಕಿದಾಗ ಯಾರ ಕೈ ಏಳುತ್ತೋ, ಅವರದು ಗಿಡದ ಉಬ್ಬಸ."

"ಇವರದು ನಮ್ಮೆಲ್ಲರಿಗಿಂತ ದೊಡ್ಡದಾಗಿ ಎದ್ದಿದೆ ಸಾರ್."

"ಸ್ವಲ್ಪ ದೊಡ್ಡದು," ಎಂದರು.

ಆ 'ಸ್ವಲ್ಪ ದೊಡ್ಡದು' ಎಂಬ ಮಾತಿನ ಮೇಲೆ ನಾನು ಅಕ್ಟೋಬರ್ ಪೂರ್ತಿ ಬದುಕಿದೆ.

ಬೇರೆ ಮಾಡುವ ಕೆಲಸಕ್ಕೆ ಡಾಕ್ಟರು ಒಂದು ಗಾಜಿನ ತೊಟ್ಟಿ ಮಾಡಿಸಿದ್ದರು. ಮದರಾಸಿನಲ್ಲಿ ಓದುವಾಗ ನೋಡಿದ್ದರಂತೆ. ಸೋಸುಕಾಗದದ ಉದ್ದನೆಯ ಪಟ್ಟಿಯ ನಡುವೆ ಪುಡಿಯ ನೀರನ್ನು ಒಂದು ಗೆರೆ ಎಳೆದು, ಪಟ್ಟಿಯ ಎರಡೂ ತುದಿಯನ್ನು ಉಪ್ಪುನೀರಿನಲ್ಲಿ ಅದ್ದಿ, ಕರೆಂಟು ಹರಿಸಬೇಕು. ಒಂದೊಂದು ಪ್ರೋಟೀನು ಒಂದೊಂದು ವೇಗದಲ್ಲಿ ಸರಿದು, ಕಾಗದದ ಮೇಲೆ ಬೇರೆ ಬೇರೆ ಕಡೆ ನಿಲ್ಲುತ್ತದೆ. ನೀಲಿ ಬಣ್ಣ ಹಾಕಿದರೆ ಸೀರೆ ಅಂಚಿನ ಪಟ್ಟೆಗಳಂತೆ ಕಾಣಿಸಿಕೊಳ್ಳುತ್ತವೆ. ಕರೆಂಟಿನ ಪೆಟ್ಟಿಗೆಯನ್ನು ನನ್ನ ಯಜಮಾನರ ಸ್ನೇಹಿತರೊಬ್ಬರು, ಎಲೆಕ್ಟ್ರಿಷಿಯನ್, ಹಳೆಯ ರೇಡಿಯೋದ ವಾಲ್ವುಗಳಿಂದ ಕಟ್ಟಿಕೊಟ್ಟಿದ್ದರು.

ಬೆಳಿಗ್ಗೆ ಹಾಕಿದರೆ ಸಂಜೆಗೆ ತೆಗೆಯುತ್ತಿದ್ದೆವು. ಪ್ರತಿ ಸಲ ಅದೇ ಗೋಳು. ಪಟ್ಟೆಗಳು ಒಂದರ ಮೇಲೊಂದು ಬಿದ್ದು, ಮಳೆಗೆ ಸಿಕ್ಕ ಶಾಯಿಯ ಹಾಗೆ ಇಡೀ ಕಾಗದ ನೀಲಿ. ಏನೂ ಬೇರೆಯಾಗಲಿಲ್ಲ. ಉಪ್ಪು ಬದಲಾಯಿಸಿದೆವು, ಕಾಗದ ಬದಲಾಯಿಸಿದೆವು, ಐಸು ಹೆಚ್ಚಿಸಿದೆವು. ಅತ್ತ ಮನೆಯಲ್ಲಿ ಅವರು ಮಲಗುವುದನ್ನು ಬಿಟ್ಟು, ದಿಂಬನ್ನು ಗೋಡೆಗೆ ಇಟ್ಟು ಕೂತೇ ನಿದ್ದೆಮಾಡಲು ಶುರುಮಾಡಿದ್ದರು. ಪಾಳಿಗೆ ಹೋಗುವುದು ನಿಂತಿತು. ಊಟದ ತುತ್ತಿನ ನಡುವೆ ಉಸಿರಿಗಾಗಿ ಕಾಯುತ್ತಿದ್ದರು. ನಾನು ತಟ್ಟೆಯ ಕಡೆ ನೋಡುತ್ತ ಕೂರುತ್ತಿದ್ದೆ.

ನವೆಂಬರಿನ ಒಣ ಗಾಳಿ ಬೀಸತೊಡಗಿತು. ಹೊಲದ ಬದುಗಳಲ್ಲಿ ಮುಳ್ಳುದಂಟು ಕಂದುಬಣ್ಣಕ್ಕೆ ತಿರುಗಿ ಬೀಜ ಕಟ್ಟಿತು. ಇನ್ನೊಂದು ಬುಟ್ಟಿ ತೆನೆ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಮುಂದಿನ ವರ್ಷ. ಮುಂದಿನ ವರ್ಷದ ಮಾತನ್ನು ನಾನು ಯೋಚಿಸಲು ಸಿದ್ಧಳಿರಲಿಲ್ಲ. ಆ ಕೊನೆಯ ಬುಟ್ಟಿಯನ್ನು ಮುನಿಯಮ್ಮ ಊರೆಲ್ಲ ತಿರುಗಿ, ಕಾಲುವೆ ಪಕ್ಕದ ತಂಪಿನಲ್ಲಿ ಉಳಿದಿದ್ದ ಗಿಡಗಳಿಂದ ಕೊಯ್ದು ತಂದಳು. ಬುಟ್ಟಿಯ ಮೇಲೆ ಒದ್ದೆ ಗೋಣಿ ಹೊದೆಸಿತ್ತು. ಗೋಣಿ ತೆಗೆದೆ. ತೆನೆಗಳೆಲ್ಲ ತೊಳೆದು ತೊಟ್ಟಿಕ್ಕುತ್ತಿದ್ದವು.

ಡಾಕ್ಟರನ್ನು ಕೂಗಿದೆ. ಡಾಕ್ಟರು ಬಂದು ನೋಡಿ ಅಲ್ಲೇ ಕುರ್ಚಿಗೆ ಕುಸಿದರು.

"ಮುನಿಯಮ್ಮ, ಇದನ್ನ ತೊಳೆದೆಯಾ?"

"ಊಂ ಸ್ವಾಮಿ. ಮೂರು ನೀರಾಗೆ ತೊಳ್ದೆ." ಅವಳ ದನಿಯಲ್ಲಿ ಹೆಮ್ಮೆಯಿತ್ತು. "ನೀವು ಸಾರು ಮಾಡ್ತೀನಿ ಅಂದಿದ್ದು ತಮಾಸೆ ಅಂತ ಇಷ್ಟು ದಿನ ಬರೀ ಗಿಡದಂಗೆ ತತ್ತಿದ್ದೆ. ಇದ್ರಿಂದ ಔಸ್ದಿ ಮಾಡಿ ನಂಗೂ ಯಶೋದಕ್ಕನ ಯಜಮಾನ್ರಿಗೂ ಆಕ್ತೀರಿ ಅಂತ ಮೊನ್ನೆ ಏಳಿದ್ರಲ್ಲ. ಔಸ್ದಿಗೆ, ದೇವ್ರಿಗೆ ಕೊಯ್ದಿದ್ದನ್ನ ಧೂಳು ಸಮೇತ ಯಾರಾದ್ರೂ ಕೊಡ್ತಾರಾ? ಅಟ್ಟೀಲಿ ಹಿರೀಕರು ಬೈಯ್ಯಲ್ವಾ?"

ಆ ಧೂಳೇ ನಮಗೆ ಬೇಕಾಗಿತ್ತು. ಪುಡಿ ನೀರುಕುಡಿದು ಒಡೆದು, ತೆನೆಗೇ ಅಂಟಿ ಹೋಗಿತ್ತು. ನಾನು ಗೋಣಿಯನ್ನು ಮಡಿಸಿ ಇಟ್ಟೆ. ಮಡಿಸುವುದೊಂದೇ ಆಗ ನನ್ನ ಕೈಗೆ ಗೊತ್ತಿದ್ದದ್ದು. ಮಡಿಸುತ್ತ ಅವಳ ಕೈ ಕಂಡಿತು. ಮೊಣಕೈವರೆಗೆ ದದ್ದು ದದ್ದಾಗಿ ಊದಿತ್ತು, ಎಡಗೈಯಿಂದ ಬಲಗೈ ಕೆರೆಯುತ್ತಿದ್ದಳು. ಎದೆಯಲ್ಲಿ ಸುಂಯ್ ಎನ್ನುವ ಸದ್ದು.

"ಇದೇನಿದು? ಮುಳ್ಳು ಗೀರಿತಾ?"

"ಮುಳ್ಳಲ್ಲ ಕಣಕ್ಕ. ಎರಡು ತಿಂಗ್ಳಿಂದ ಕೊಯ್ತಾ ಇವ್ನಿ, ಬರೀ ಸೀನು ಬತ್ತಿತ್ತು ಅಷ್ಟೇಯ. ಇವತ್ತು ಮೊದಲ್ನೇ ನೀರಾಗೆ ಕೈ ಇಟ್ಟು ಎರಡು ಸಲ ಜಾಲಾಡಿದ್ನೋ ಇಲ್ವೋ, ಇಂಗೆ ಎದ್ಬಿಡ್ತು. ಎರಡನೇ ನೀರು, ಮೂರನೇ ನೀರಾಗೆ ಎಡಗೈ ಇಟ್ಟೆ, ಏನೂ ಇಲ್ಲ."

ಡಾಕ್ಟರು ತಲೆಯೆತ್ತಿದರು. "ಆ ಮೊದಲನೇ ನೀರು ಎಲ್ಲಿದೆ?"

"ಎಮ್ಮೆ ಕುಡೀತು. ಯಾಕ್ ಸ್ವಾಮಿ, ಅದಕ್ಕೂ ಸೂಜಿ ಆಕ್ತೀರಾ?"

ನಾನು ಡಾಕ್ಟರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಾವು ಒಂದು ಇಡೀ ದಿನ ನೆನೆಹಾಕಿ ಪುಡಿಯೊಳಗಿನದನ್ನೆಲ್ಲ ಹಿಂಡಿ ತೆಗೆಯುತ್ತಿದ್ದೆವು. ಉಬ್ಬಸ ತರಿಸುವುದು ಎರಡು ಸಲ ಜಾಲಾಡುವಷ್ಟರಲ್ಲಿಯೇ ಹೊರಗೆ ಬರುವಂಥದ್ದು. ಮೂಗಿನ ಒದ್ದೆಗೆ ಪುಡಿ ತಗಲಿದ ಕ್ಷಣದಲ್ಲಿ ಬಿಡುಗಡೆಯಾಗುವಂಥದ್ದು. ಉಳಿದ ಕಸ ಆಮೇಲೆ, ನಿಧಾನವಾಗಿ ಬರುತ್ತಿತ್ತು.

ಶೀಶೆಯಲ್ಲಿ ಹಿಂದಿನ ಬುಟ್ಟಿಯ ಒಣಪುಡಿ ಅಷ್ಟಿಷ್ಟು ಉಳಿದಿತ್ತು. "ಅಕ್ಕಿ ತೊಳೆಯುವಷ್ಟು ಹೊತ್ತು ಮಾತ್ರ," ಎಂದರು ಡಾಕ್ಟರು. ತಣ್ಣನೆಯ ಉಪ್ಪುನೀರು ಹಾಕಿ, ಅಕ್ಕಿಯ ಪಾತ್ರೆ ಆಡಿಸಿದಂತೆ ಶೀಶೆ ಆಡಿಸಿ, ಕೂಡಲೇ ಬಸಿದೆ. ಈ ಸಲ ನೀರಿಗೆ ಚಹಾದ ಬಣ್ಣವಿರಲಿಲ್ಲ, ಎಳನೀರಿನ ಹಾಗಿತ್ತು. ಜೋಡಿ ಪಟ್ಟಿಗಳ ಮೇಲೆ ಓಡಿಸಿದೆವು. ಸಂಜೆ ಒಂದು ಪಟ್ಟಿಗೆ ನೀಲಿ ಹಾಕಿದಾಗ ಬಿಳಿ ಕಾಗದದ ಮೇಲೆ ಎರಡೇ ಎರಡು ಪಟ್ಟೆ. ಒಂದು ಮಸುಕು, ಒಂದು ದಟ್ಟ. ನಡುವೆ ಬೆರಳಗಲ ಖಾಲಿ. ಬಣ್ಣ ಹಾಕದ ಜೊತೆಯ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು, ಎರಡೂ ಪಟ್ಟೆ ಇರಬೇಕಾದ ಕಡೆ ಕತ್ತರಿಸಿ, ತುಂಡುಗಳನ್ನು ಬೇರೆ ಬೇರೆ ಕೊಳವೆಯಲ್ಲಿ ನೆನೆಸಿದೆ.

ಮರುದಿನ ಪರೀಕ್ಷಿಸಿದಾಗ ಮಸುಕು ಪಟ್ಟೆಯದು ಯಾರ ಕೈಯಲ್ಲೂ ಏಳಲಿಲ್ಲ. ದಟ್ಟ ಪಟ್ಟೆಯದು ಡಾಕ್ಟರ ಕೈಯಲ್ಲಿ ಏಳಲಿಲ್ಲ, ನನ್ನ ಕೈಯಲ್ಲಿ ಏಳಲಿಲ್ಲ. ಮುನಿಯಮ್ಮನ ಕೈಯಲ್ಲಿ ಹಪ್ಪಳದ ಹಾಗೆ ಉಬ್ಬಿತು. ಜಗಲಿಯಲ್ಲಿ ಕೂತಿದ್ದ ಉಬ್ಬಸದವರನ್ನು ಒಬ್ಬೊಬ್ಬರಾಗಿ ಕರೆದು ಹಾಕಿದೆವು, ಅವರಲ್ಲಿ ಹೆಚ್ಚಿನವರದು ಎದ್ದಿತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಸಿಕ್ಕಿತು ಯಶೋದಮ್ಮ. ಶನಿವಾರ ನಿಮ್ಮ ಯಜಮಾನರನ್ನ ಕರೆದುಕೊಂಡು ಬನ್ನಿ."

ಶುಕ್ರವಾರ ಇಡೀ ದಿನ ನಾನು ಆ ದಟ್ಟ ಪಟ್ಟೆಯ ಸಾರವನ್ನು ಚುಚ್ಚುಮದ್ದಿಗೆ ತೆಳುಮಾಡಿ ಎರಡು ಸಾಲು ಶೀಶೆಗಳಲ್ಲಿ ತುಂಬಿದೆ. ತೀರಾ ತೆಳುವಿನಿಂದ ಗಟ್ಟಿಯವರೆಗೆ. ಒಂದು ಸಾಲಿಗೆ 'ಮುನಿಯಮ್ಮ' ಎಂದು ಚೀಟಿ ಅಂಟಿಸಿದೆ, ಇನ್ನೊಂದಕ್ಕೆ 'ವೆಂಕಟೇಶಪ್ಪ'. ಡಾಕ್ಟರು ನೋಡಿದರು, ಬೇಡ ಎನ್ನಲಿಲ್ಲ.

ಶನಿವಾರ ಬೆಳಗಿನ ರೈಲಿಗೆ ನನ್ನ ಯಜಮಾನರನ್ನು ಹತ್ತಿಸಿಕೊಂಡೆ. ಬಂಗಾರಪೇಟೆಯಲ್ಲಿ ಇಳಿದು ಆಸ್ಪತ್ರೆಗೆ ನಡೆಯುವ ಅಷ್ಟು ದೂರದಲ್ಲಿ ಅವರು ಅಂಗಡಿಗಳ ಮುಂದೆ, ಏನೋ ಕೊಳ್ಳುವವರಂತೆ, ನಿಂತು ನಿಂತು ನಡೆದರು. ಒಂದು ಬಳೆ ಅಂಗಡಿಯ ಮುಂದೆಯೂ ನಿಂತರು. "ತಗೋತೀಯೇನೇ?" ಎಂದು ಕೇಳಿದರು. ಉಸಿರು ಸಿಕ್ಕಿದ ಮೇಲೆ ಮುಂದೆ ಹೊರಟರು.

ಒಂಬತ್ತು ಗಂಟೆಗೆ ಅವರ ಬಲಗೈ ಮೇಜಿನ ಮೇಲಿತ್ತು. ಡಾಕ್ಟರು ಮೂರು ಹನಿ ಇಟ್ಟರು. ಮೇಲಿನದು ಬರೀ ಉಪ್ಪುನೀರು, ಅದು ಏಳಬಾರದು. ಕೆಳಗಿನದು ಯಾರ ಚರ್ಮವನ್ನಾದರೂ ಎಬ್ಬಿಸುವ ಔಷಧಿ, ಅದು ಏಳಲೇಬೇಕು. ನಡುವಿನದು ನಮ್ಮದು. ಎದುರು ಸ್ಟೂಲಿನಲ್ಲಿ ಮುನಿಯಮ್ಮ ತನ್ನ ಕೈಗೂ ಹಾಕಿಸಿಕೊಂಡು ಕೂತಿದ್ದಳು. ಜೊತೆಗಿರಲಿ ಎಂದು ಡಾಕ್ಟರೇ ಕರೆದಿದ್ದರು.

ಗಂಡನ ಮೈಯಲ್ಲಿ ದದ್ದು ಏಳಲಿ ಎಂದು ಯಾವ ಹೆಂಗಸೂ ಬೇಡಿಕೊಂಡಿರಲಾರಳು. ನಾನು ಬೇಡಿಕೊಂಡೆ. ಬಂಗಾರ ತಿರುಪತಿಯ ವೆಂಕಟರಮಣನಿಗೆ ಮುಡಿ ಹರಸಿಕೊಂಡೆ.

ಮುನಿಯಮ್ಮನದು ಮೊದಲು ಎದ್ದಿತು. ನನ್ನ ಯಜಮಾನರ ಕೈಯಲ್ಲಿ ಕೆಳಗಿನ ಹನಿ ಎದ್ದಿತು. ನಡುವಿನ ಜಾಗದಲ್ಲಿ ಸೂಜಿ ಗೀರಿದ ಗೆರೆ ಮಾತ್ರ ಕಾಣುತ್ತಿತ್ತು.

"ಏನಣ್ಣೋ," ಎಂದಳು ಮುನಿಯಮ್ಮ, "ನನ್ ಕೈ ಎದ್ದು ಕೂತೈತೆ, ನಿನ್ನದು ಇನ್ನೂ ನಿದ್ದೆ ಮಾಡ್ತಾ ಐತಲ್ಲ."

"ರಾತ್ರಿ ಪಾಳಿ ಮಾಡಿದ ಕೈ ಕಣಮ್ಮ. ಏಳೋದು ತಡ."

ಅವಳು ನಕ್ಕಳು. ಅವರೂ ನಕ್ಕರು, ನಗು ಕೆಮ್ಮಾಯಿತು. ಗೋಡೆ ಗಡಿಯಾರದ ದೊಡ್ಡ ಮುಳ್ಳು ಕಾಲು ಸುತ್ತು ಹೋಗಿ, ಇನ್ನೂ ಮುಂದೆ ಹೋಯಿತು. ಡಾಕ್ಟರು ನಡುವಿನ ಜಾಗವನ್ನು ಬೆರಳಿನಿಂದ ಸವರಿ ನೋಡಿದರು. ಎಡಗೈಯನ್ನು ಮೇಜಿನ ಮೇಲಿಡಿಸಿ, ಇನ್ನೊಮ್ಮೆ ಮೂರು ಹನಿ ಇಟ್ಟರು. ಮತ್ತೆ ಕಾದೆವು. ಹೊರಗೆ ಶಂಟಿಂಗ್ ಇಂಜಿನ್ನು ಹಿಂದಕ್ಕೂ ಮುಂದಕ್ಕೂ ಹೋಗುತ್ತಿತ್ತು.

ಎಡಗೈಯೂ ಏಳಲಿಲ್ಲ.

"ವೆಂಕಟೇಶಪ್ಪನವರೇ, ನಿಮ್ಮ ದಮ್ಮು ಗಿಡದಿಂದ ಬಂದದ್ದಲ್ಲ," ಎಂದರು ಡಾಕ್ಟರು.

ನನ್ನ ಯಜಮಾನರು ಅಂಗಿಯ ತೋಳು ಕೆಳಗೆ ಇಳಿಸಿಕೊಂಡು ಗುಂಡಿ ಹಾಕಿಕೊಂಡರು. ಮೊದಲು ಬಲಗೈ, ಆಮೇಲೆ ಎಡಗೈ. "ಪಾಪ, ಸುಮ್ನೆ ಆ ಗಿಡದ ಮೇಲೆ ಗೂಬೆ ಕೂರ್ಸಿದ್ವಿ. ಲೈನೆಲ್ಲ ಕಿತ್ತಾಕ್ದೆ," ಎಂದರು.

ಮುನಿಯಮ್ಮ ಊದಿದ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ನನ್ ಕೈಯಾಗಿರೋದನ್ನ ನಿಂಗೆ ಕೊಡೋ ಅಂಗಿದ್ರೆ ಕೊಟ್ಬಿಡ್ತಿದ್ದೆ ಕಣಣ್ಣ."

"ಬ್ಯಾಡ ಬಿಡವ್ವ. ನೀನಾದ್ರೂ ಕೂಗಿ ಸೊಪ್ಪು ಮಾರುವಂತೆ."

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಇವತ್ತು ಹೋಗಿ ಯಶೋದಮ್ಮ. ಉಳಿದದ್ದನ್ನ ನಾನು ನೋಡ್ಕೋತೀನಿ."

"ಮುನಿಯಮ್ಮನ ಮೊದಲ ಸೂಜಿ ಬಾಕಿ ಇದೆ ಸಾರ್," ಎಂದೆ.

ಕೈತೊಳೆದು, ಕುದಿಸಿದ ಸಿರಿಂಜು ತೆಗೆದು, ತೀರಾ ತೆಳುವಾದ ಶೀಶೆಯಿಂದ ಎಳೆದು, ಅವಳ ತೋಳಿಗೆ ಕೊಟ್ಟೆ. ಅವಳು ಸೂಜಿಯನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊಟ್ಟಾದ ಮೇಲೆ ಅರ್ಧ ಗಂಟೆ ಕೂರಿಸಿಕೊಂಡು, ಬೂದಿಕೋಟೆ ಬ‌ಸ್ಸಿಗೆ ಕಳಿಸಿದೆ.

ಮುನಿಯಮ್ಮ ಮೂರು ವರ್ಷ ತಪ್ಪದೆ ಸೂಜಿ ತೆಗೆದುಕೊಂಡಳು. ಕೊನೆಗೆ ಅವಳ ಕೂಗು ಸಂತೆಯ ಆ ತುದಿಯಿಂದ ಆಸ್ಪತ್ರೆಗೆ ಕೇಳಿಸುತ್ತಿತ್ತು. ನನ್ನ ಯಜಮಾನರು ಮುಂದಿನ ಮುಂಗಾರು ಕಾಣಲಿಲ್ಲ. ಇದೆಲ್ಲ ಆಮೇಲಿನ ಮಾತು. ಆ ದಿನದ ಕೆಲಸ ಇನ್ನೂ ಮುಗಿದಿರಲಿಲ್ಲ.

ಐಸ್ ಪೆಟ್ಟಿಗೆಯಲ್ಲಿ 'ವೆಂಕಟೇಶಪ್ಪ' ಎಂದು ಚೀಟಿ ಅಂಟಿಸಿದ್ದ ಎರಡನೆಯ ಸಾಲಿನ ಶೀಶೆಗಳಿದ್ದವು. ಅವುಗಳಲ್ಲಿದ್ದದ್ದು ಮೊದಲ ಸಾಲಿನದೇ ಸಾರ. ಆ ವರ್ಷ ಇನ್ನು ಪರಾಗ ಸಿಗುವಂತಿರಲಿಲ್ಲ, ಚೆಲ್ಲುವಂತಿರಲಿಲ್ಲ. ಒಂದೊಂದೇ ಶೀಶೆಯನ್ನು ತೆಗೆದು, ಚೀಟಿಯನ್ನು ಒದ್ದೆ ಹತ್ತಿಯಿಂದ ನೆನೆಸಿ, ಉಗುರಿನಿಂದ ಕೆರೆದು ತೆಗೆಯತೊಡಗಿದೆ. ನಾನೇ ಗಟ್ಟಿ ಗೋಂದು ಹಾಕಿ ಅಂಟಿಸಿದ್ದೆ. ಬೇಗ ಬರಲಿಲ್ಲ.

ಹೊರಗಿನ ಬೆಂಚಿನಲ್ಲಿ ಕೂತಿದ್ದ ಅವರ ಉಸಿರು ಒಳಗೆ ಕೇಳುತ್ತಿತ್ತು.

"ಆಯ್ತೇನೇ?"

"ಇನ್ನೊಂದು ಚೂರಿದೆ ರೀ. ರೈಲಿಗೆ ಹೊತ್ತಾಯ್ತಾ?"

"ಮಾಡು, ಮಾಡು. ನಾನೆಲ್ಲಿಗೂ ಓಗಲ್ಲ."

ಕೊನೆಯ ಶೀಶೆಯ ಚೀಟಿಯೂ ಬಂತು. ಎಲ್ಲದಕ್ಕೂ 'ಮುನಿಯಮ್ಮ' ಎಂದು ಬರೆದು ಅಂಟಿಸಿದೆ. ಗೋಂದಿನ ಕಲೆ ಉಳಿದಿದೆಯೇ ಎಂದು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಐಸಿನ ಮೇಲಿಟ್ಟು, ಪೆಟ್ಟಿಗೆಯ ಮುಚ್ಚಳ ಹಾಕಿದೆ.